ಪುಟ್ಟನ ‘ಯೂಸ್ಡ್ ಟು’ಗೆ ದೊಡ್ಡಮ್ಮನ ವಾಯ್ಸ್ ಮೆಸೇಜು

ಹಾಂ ಪುಟ್ಟಾ, ದೊಡ್ಡಮ್ಮ ಮಾತಾಡ್ತಿರೋದು. ಟೈಪ್ ಮಾಡೋಕೆ ಕೂತ್ರೆ ಬೆಳಗಾಗುತ್ತೆ, ಅದಕ್ಕೇ ಬಾಯಲ್ಲೇ ಹೇಳಿ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಮಧ್ಯೆ ಕುಕ್ಕರ್ ಕೂಗಿದ್ರೆ ಗಾಬರಿ ಬೀಳ್ಬೇಡ.

ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದು ಈಗ ಓದಿದೆ. ಇಂಟರ್‌ವ್ಯೂನಲ್ಲಿ ‘ಡೈಲಿ ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಅಂದ್ಯಂತೆ. ಅವರು ‘ಮತ್ಯಾಕೆ ಬಿಟ್ಟೆ?’ ಅಂದ್ರಂತೆ. ನೀನು ‘ನೋ ಸರ್, ಸ್ಟಿಲ್ ಐ ಯೂಸ್ಡ್ ಟು ಗೆಟ್ ಅಪ್’ ಅಂದ್ಯಂತೆ. ನಗೂ ಬಂತು, ಪಾಪ ಅಂತಾನೂ ಅನ್ನಿಸ್ತು. ಅದರ ಕೆಳಗೆ ಭಾವ ಬೇರೆ ‘ಯೂಸ್ಡ್ ಟು ಅಂದ್ರೆ ರೂಢಿ, ಹುಡುಗ ಸರಿಯಾಗೇ ಹೇಳಿದಾನೆ’ ಅಂತ ಬರೆದಿದಾರೆ. ಭಾವಾ, ನಿಮ್ಮ ಮಾತು ಅರ್ಧ ಸರಿ. ಹುಡುಗ ಬಿದ್ದಿರೋದು ಇನ್ನರ್ಧದಲ್ಲಿ.

ನಿನ್ನ ತಪ್ಪು ಅಂತ ನಾನು ಹೇಳಲ್ಲ ಕಣೋ. ಎಷ್ಟೋ ವರ್ಷ ಬೋರ್ಡ್ ಮೇಲೆ ‘ಯೂಸ್ಡ್ ಟು ಅಂದರೆ ರೂಢಿ’ ಅಂತ ಬರೆದು, ಮಕ್ಕಳ ಬಾಯಲ್ಲಿ ಹತ್ತು ಸಲ ಹೇಳಿಸಿ, ಪಾಠ ಮುಗೀತು ಅಂತ ಮನೆಗೆ ಬಂದವಳು ನಾನೇ. ನನಗೆ ಬುದ್ಧಿ ಬಂದದ್ದು ಬೇಲೂರು ಗುಡಿ ಅಂಗಳದಲ್ಲಿ. ಮಕ್ಕಳನ್ನ ಟೂರಿಗೆ ಕರ್ಕೊಂಡು ಹೋಗಿದ್ವಿ. ಇಂಗ್ಲೆಂಡಿಂದ ಬಂದಿದ್ದ ಒಬ್ಬರು ವಯಸ್ಸಾದ ಹೆಂಗಸು ಮಾತಿಗೆ ಸಿಕ್ಕಿದ್ರು. ನಾನು ಜಂಬದಲ್ಲಿ, ನಮ್ಮೂರ ಹಾಸನಾಂಬೆ ಗುಡಿ ವರ್ಷಕ್ಕೊಂದೇ ಸಲ ತೆಗೆಯೋದು ಅಂತ ಹೇಳೋಕೆ ಹೋಗಿ, ‘ದಿ ಟೆಂಪಲ್ ಯೂಸ್ಡ್ ಟು ಓಪನ್ ಒನ್ಸ್ ಎ ಇಯರ್’ ಅಂದೆ. ಆಯಮ್ಮನ ಮುಖ ಸಪ್ಪಗಾಯ್ತು. ಅಯ್ಯೋ, ಈಗ ಅದೂ ನಿಂತುಹೋಯ್ತಾ ಅಂತ ಕೇಳಿದ್ರು! ಆಶ್ವಯುಜದ ಹುಣ್ಣಿಮೆ ಕಳೆದ ಮೇಲಿನ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಬರೋವರೆಗೂ ಊರಿಗೆ ಊರೇ ಸಾಲಲ್ಲಿ ನಿಂತಿರುತ್ತೆ. ನಾನು ನೋಡಿದ್ರೆ ಒಂದೇ ವಾಕ್ಯದಲ್ಲಿ ತಾಯಿ ಬಾಗಿಲಿಗೆ ಖಾಯಂ ಬೀಗ ಜಡಿಸಿಬಿಟ್ಟಿದ್ದೆ.

ನೀನೂ ಅದನ್ನೇ ಮಾಡಿದೀಯ. ಯೂಸ್ಡ್ ಟು ಆದ ತಕ್ಷಣ ಕ್ರಿಯಾಪದ ಬಂತು ಅಂದ್ರೆ ಅದು ಮುಂಚಿನ ಮಾತು, ಈಗ ಅದಿಲ್ಲ ಅನ್ನೋ ವಾಸನೆ ಅದರ ಜೊತೆಗೇ ಬರುತ್ತೆ. ಕನ್ನಡದಲ್ಲಿ ಅದು ‘ಮುಂಚೆ ಏಳ್ತಿದ್ದೆ’. ನಿನ್ನ ಮನಸ್ಸಲ್ಲಿ ಇದ್ದದ್ದು ‘ಏಳ್ತಿರ್ತೀನಿ’. ಇಲ್ಲೇ ಇರೋದು ಗಂಟು. ನಮಗೆ ‘ಏಳ್ತೀನಿ’ ಬೇರೆ, ‘ಏಳ್ತಿರ್ತೀನಿ’ ಬೇರೆ. ‘ನಾಳೆ ಐದಕ್ಕೆ ಏಳ್ತೀನಿ’ ಅಂತ ಯಾವ ಸೋಮಾರಿ ಬೇಕಾದ್ರೂ ಹೇಳಬಹುದು, ‘ಏಳ್ತಿರ್ತೀನಿ’ ಅನ್ನೋಕೆ ರೂಢಿ ಇರಬೇಕು. ಇಂಗ್ಲಿಷಲ್ಲಿ ಈಗಿನ ರೂಢಿಗೆ ಅಂಥ ಬಾಲ ಇಲ್ಲ. ಬರೀ ‘ಐ ಗೆಟ್ ಅಪ್ ಅಟ್ ಫೈವ್’. ಅಷ್ಟು ಹೇಳಿದ್ರೆ ನಮ್ಮ ಕಿವಿಗೆ ಏನೋ ಕಮ್ಮಿಯಾಯ್ತು ಅನ್ನಿಸುತ್ತೆ, ಉಪ್ಪಿಲ್ಲದ ಸಾರಿನ ಥರ. ಆ ಕಮ್ಮಿ ತುಂಬೋಕೆ ಯೂಸ್ಡ್ ಟು ಎಳ್ಕೊಂಡು ಬರ್ತೀವಿ. ತುಂಬಲೇಬೇಕು ಅಂದ್ರೆ ‘ಯೂಶುವಲಿ’ ಹಾಕ್ಕೋ. ಅದೂ ಇದೂ ಒಂದೇ ಬೇರಿಂದ ಬಂದಿರೋವು, ಆದ್ರೆ ಅದು ನಿನ್ನನ್ನ ಕೈ ಬಿಡಲ್ಲ.

ಹಿಂದೊಂದು ಕಾಲದಲ್ಲಿ ಇಂಗ್ಲಿಷಲ್ಲೂ ಈಗಿನ ಮಾತಿಗೆ ಯೂಸ್ ಟು ಇತ್ತು, ಸುಳ್ಳಲ್ಲ. 1611ರ ಇಂಗ್ಲಿಷ್ ಬೈಬಲಲ್ಲಿ 119ನೇ ಕೀರ್ತನೆ ನೋಡಿದ್ರೆ, ನೀನು ರೂಢಿಯಾಗಿ ಮಾಡ್ತಿರೋ ಹಾಗೆ ಅನ್ನೋಕೆ ‘ಯೂಸೆಸ್ಟ್ ಟು ಡೂ’ ಅಂತಿದೆ. ಆಮೇಲೆ ಅದು ಸತ್ತು ಭೂತಕಾಲದ್ದೊಂದೇ ಉಳೀತು. ಹಾಗಾಗಿ ಭಾವಾ, ನಿಮ್ಮ ವಾದ ನಾನೂರು ವರ್ಷ ಲೇಟು.

ಸರಿಯಾಗಿ ಬಳಸೋಕೆ ಉದಾಹರಣೆ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆ ತುಂಬ ಅದೇ ಇದೆ. 2017ರಲ್ಲಿ ಕುಣಿಗಲ್ ಮೇಲೆ ಹೊಸ ಲೈನ್ ಬರೋವರೆಗೂ ಬೆಂಗಳೂರಿಗೆ ರೈಲು ಅಂದ್ರೆ ಅರಸೀಕೆರೆ ಸುತ್ತಿಕೊಂಡೇ ಹೋಗ್ತಿದ್ವಿ, ‘ವಿ ಯೂಸ್ಡ್ ಟು ಗೋ ವಯಾ ಅರಸೀಕೆರೆ’. ಭಾವಾ, ನಿಮ್ಮ ಹೊಲಾನೇ ತಗೊಳ್ಳಿ. ಮುಂಗಾರು ಬಿತ್ತು ಅಂದ್ರೆ ಆಲೂಗೆಡ್ಡೆ ಬಿಟ್ಟು ಬೇರೆ ಮಾತೇ ಇರ್ತಿರಲಿಲ್ಲ. ಅಂಗಮಾರಿ ರೋಗ ಬಂದು ಬಂದು ಸಾಕಾಗಿ ಮುಸುಕಿನ ಜೋಳ, ಶುಂಠಿಗೆ ತಿರುಗಿದ್ರಿ. ‘ವಿ ಯೂಸ್ಡ್ ಟು ಗ್ರೋ ಪೊಟ್ಯಾಟೋಸ್’. ನೀವು ಇದನ್ನ ಹೇಳಿದ್ರೆ ಯಾರೂ ನಗಲ್ಲ.

ಇನ್ನೊಂದು ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಲ್ಲಿ ನಿಂತಿರೋ ಆ ಚರ್ಚು, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಊರು ಎದ್ದು ಹೋಯ್ತು, ಮಳೆಗಾಲ ಚೆನ್ನಾಗಾದ್ರೆ ಚರ್ಚು ಅರ್ಧ ನೀರಲ್ಲಿ. ಬೇಸಿಗೇಲಿ ಹೋಗಿ ಆ ಗೋಡೆಗಳ ಮಧ್ಯೆ ನಿಂತಾಗ ಬಾಯಿಗೆ ಬರೋದು ‘ದೇರ್ ಯೂಸ್ಡ್ ಟು ಬಿ ಎ ವಿಲೇಜ್ ಹಿಯರ್’. ಇಲ್ಲಿ ‘ವುಡ್’ ಹಾಕೋಕಾಗಲ್ಲ, ಇದನ್ನ ನೆನಪಿಟ್ಕೋ. ಅಜ್ಜಿ ದಿನಾ ಸಂಜೆ ಕಥೆ ಹೇಳ್ತಿದ್ರು ಅನ್ನೋಕೆ ‘ಶೀ ವುಡ್ ಟೆಲ್’ ಅಂದ್ರೂ ನಡೆಯುತ್ತೆ, ಯಾಕಂದ್ರೆ ಅದು ಮತ್ತೆ ಮತ್ತೆ ಮಾಡ್ತಿದ್ದ ಕೆಲಸ. ಊರು ಇತ್ತು, ಮನೆ ಇತ್ತು, ನನಗೆ ಉದ್ದ ಜಡೆ ಇತ್ತು, ಇಂಥ ‘ಇತ್ತು’ಗಳಿಗೆ ಯೂಸ್ಡ್ ಟುನೇ ಆಗಬೇಕು.

ಒಂದ್ನಿಮಿಷ... ಹಾಂ, ಬಾಗಿಲಲ್ಲಿ ಹೂವಿನವಳು ಬಂದಿದ್ಲು.

ಎಲ್ಲಿದ್ದೆ? ಹಾಂ, ಭಾವನ ಅರ್ಧ ಸರಿ. ಯೂಸ್ಡ್ ಟು ಹಿಂದುಗಡೆ ‘ಆಮ್’, ‘ಈಸ್’ ಸೇರಿತು ಅಂದ್ರೆ ಅರ್ಥಾನೇ ಬೇರೆ. ಅದು ನಮ್ಮ ‘ಒಗ್ಗೋದು’. ನಿಮ್ಮ ಚಿಕ್ಕಮ್ಮ ಸಕಲೇಶಪುರಕ್ಕೆ ಸೊಸೆಯಾಗಿ ಹೋದ ಮೊದಲನೇ ಮಳೆಗಾಲ ಫೋನ್ ಮಾಡಿ ಅಳ್ತಿದ್ಲು. ಒಗೆದ ಬಟ್ಟೆ ಒಣಗಲ್ಲ, ತೋಟಕ್ಕೆ ಕಾಲಿಟ್ರೆ ಇಂಬಳ, ಅದೇ ರಕ್ತ ಹೀರೋ ಜಿಗಣೆ. ಈಗ ಇಂಬಳ ಹತ್ತಿದ್ರೆ ಕಿತ್ತು ಬಿಸಾಕಿ ಮಾತು ಮುಂದುವರಿಸ್ತಾಳೆ. ‘ಶೀ ಗಾಟ್ ಯೂಸ್ಡ್ ಟು ದಿ ರೇನ್’, ಮಳೆಗೆ ಒಗ್ಗಿಕೊಂಡ್ಲು. ‘ಶೀ ಈಸ್ ಯೂಸ್ಡ್ ಟು ಇಟ್’, ಒಗ್ಗಿದಾಳೆ. ಈ ‘ಟು’ ಇದೆಯಲ್ಲ, ಅದು ನಮ್ಮ ‘ಗೆ’ ಕಣೋ. ಮಳೆಗೆ, ಚಳಿಗೆ. ‘ಗೆ’ ಹತ್ತೋದು ನಾಮಪದಕ್ಕೆ ತಾನೆ? ‘ಏಳು’ ಅನ್ನೋದಕ್ಕೆ ‘ಗೆ’ ಹಚ್ಚೋಕಾಗಲ್ಲ, ‘ಏಳೋದು’ ಮಾಡ್ಕೊಂಡು ‘ಏಳೋದಕ್ಕೆ’ ಅನ್ನಬೇಕು. ಹಾಗೇ ಅಲ್ಲೂ ‘ಗೆಟ್’ ಆಗಲ್ಲ, ‘ಗೆಟಿಂಗ್’. ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅಟ್ ಫೈವ್’. ನೀನು ಇದನ್ನ ಹೇಳಿದ್ದಿದ್ರೆ ಅವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋಗ್ತಿದ್ರು. ಗ್ರಾಮರ್ ಪುಸ್ತಕದಲ್ಲಿ ಇದಕ್ಕೆ ಏನೇನೋ ಹೆಸರು ಇದೆ, ಬೇಡ ಬಿಡು. ‘ಗೆ’ ಒಂದು ನೆನಪಿದ್ರೆ ಸಾಕು.

ಉಚ್ಚಾರಣೆಲಿ ಒಂದು ಮಾತು. ರೂಢಿಯದ್ದಾದ್ರೆ ‘ಯೂಸ್ಟು’, ‘ಡ’ ಕಾರ ‘ಟ’ ಒಳಗೆ ಕರಗಿಹೋಗುತ್ತೆ. ಮಚ್ಚನ್ನ ಕಾಯಿ ಒಡೆಯೋಕೆ ಬಳಸ್ತಾರೆ ಅನ್ನುವಾಗ ಅದೇ ಸ್ಪೆಲಿಂಗು, ಆದ್ರೆ ‘ಯೂಝ್ಡ್’. ಮತ್ತೆ ‘ಡಿಡ್’ ಬಂದ್ರೆ ಬರೆಯುವಾಗ ‘ಡಿ’ ಅಕ್ಷರ ಬಿಡು, ‘ಐ ಡಿಡ್‌ಂಟ್ ಯೂಸ್ ಟು ಡ್ರಿಂಕ್ ಕಾಫಿ’. ಭೂತಕಾಲ ‘ಡಿಡ್’ ಹೊತ್ಕೊಂಡಾಯ್ತಲ್ಲ, ಇಬ್ಬರು ಯಾಕೆ ಹೊರಬೇಕು.

ನಮ್ಮನಮ್ಮಲ್ಲಿ ‘ಡೈಲಿ ಐ ಯೂಸ್ಡ್ ಟು’ ಅಂದ್ರೆ ಏನೂ ಮುಳುಗಿಹೋಗಲ್ಲ. ಬ್ಯಾಂಕಲ್ಲಿ, ಬಸ್ಸಲ್ಲಿ ಎಲ್ಲರೂ ಹಾಗೇ ಅನ್ನೋದು, ಎಲ್ಲರಿಗೂ ಅರ್ಥ ಆಗುತ್ತೆ. ನಾನು ದಾರೀಲಿ ನಿಲ್ಲಿಸಿ ತಿದ್ದೋಳಲ್ಲ. ಆದ್ರೆ ಅಲ್ಲಿ ಕೂತಿದ್ದೋರು ಹೊರಗಿನವರು ಪುಟ್ಟಾ. ಅವರ ಕಿವಿಗೆ ನೀನು ಬೆಳಗ್ಗೆ ಏಳೋದನ್ನೇ ಬಿಟ್ಟವನು.

ಸೋಮವಾರ ಎರಡನೇ ರೌಂಡ್ ಅಂದ್ಯಲ್ಲ, ಅಷ್ಟರೊಳಗೆ ಮೂರು ವಾಕ್ಯ ಗ್ರೂಪಲ್ಲೇ ಹಾಕು. ಮುಂಚೆ ಮಾಡ್ತಿದ್ದದ್ದು ಒಂದು, ಈಗ ಮಾಡ್ತಿರೋದು ಒಂದು, ಒಗ್ಗಿರೋದು ಒಂದು. ಭಾವಾ, ನೀವೂ ಒಂದು ಹಾಕಿ, ಈ ಮೆಸೇಜು ಪೂರ್ತಿ ಕೇಳದೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗಬೇಡಿ. ಅಗೋ, ಮೂರನೇ ಸಲ ಕೂಗ್ತು ಕುಕ್ಕರು, ಬೇಳೆ ಹೋಯ್ತು. ಇಡ್ತೀನಿ.