ಅಮ್ಮನ ಜೊತೆ ಹಗಿ ಊರಲ್ಲಿ ಒಂದು ದಿನ ಸೈಕಲ್: ಹೋಗಿಬಂದವರು ಹೇಳಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಹಿರೋಶಿಮಾದಲ್ಲಿದ್ದೇನೆ. ಅಕ್ಟೋಬರಿನಲ್ಲಿ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ವಯಸ್ಸು 61, ರಿಟೈರ್ ಆದ ಟೀಚರ್. ಈಗಲೂ ತರಕಾರಿ ತರೋಕೆ ಸೈಕಲ್ಲೇ ಬೇಕು ಅವರಿಗೆ. "ಗದ್ದಲ ಇಲ್ಲದ ಸಮುದ್ರದ ಊರು ತೋರಿಸು, ಬಸ್ಸಿನ ಕಿಟಕಿಯಿಂದ ಬೇಡ" ಅಂದಿದ್ದಾರೆ. ಶಿಮಾನಾಮಿ ಸೈಕಲ್ ದಾರಿ ಸುಮಾರು 70 ಕಿಲೋಮೀಟರ್, ಒಂದೊಂದು ಸೇತುವೆಗೂ ಏರು ಹತ್ತಬೇಕು. ಅದು ಬೇಡ ಅನ್ನಿಸಿತು. ಯಾಮಾಗುಚಿ ಜಿಲ್ಲೆಯ ಹಗಿ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಹೇಳಿದರು. ಒಂದೇ ದಿನಕ್ಕೆ ಆಗುತ್ತಾ? ಏರು ಇದೆಯಾ? ಅಮ್ಮ ಮೀನು, ಮೊಟ್ಟೆ ಏನೂ ಮುಟ್ಟಲ್ಲ. ಊಟಕ್ಕೆ ಏನು ಮಾಡಲಿ?

ಫುಕುಓಕಾದಲ್ಲಿರುವ ಒಬ್ಬರು

ಅಕ್ಕ, ಖಂಡಿತ ಹೋಗಿ. ನಾನು ಎರಡು ಸಲ ಹೋಗಿದ್ದೇನೆ, ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ನವೆಂಬರಿನಲ್ಲಿ. ಮಾತ್ಸುಮೊತೊ, ಹಾಶಿಮೊತೊ ಅಂತ ಎರಡು ಹೊಳೆಗಳ ನಡುವೆ, ಸಮುದ್ರಕ್ಕೆ ಮುಖ ಮಾಡಿ ಕೂತ ಊರು ಅದು. ಹಳೇ ಊರೆಲ್ಲ ಅಂಗೈ ಥರ ಸಪಾಟು. ನಾನು ಹೇಳುವ ಸುತ್ತು 15 ಕಿಲೋಮೀಟರ್ ದಾಟಲ್ಲ.

ಹಿಗಾಶಿ-ಹಗಿ ಸ್ಟೇಷನ್ ಹತ್ತಿರ ಸೈಕಲ್ ಬಾಡಿಗೆಗೆ ಸಿಗುತ್ತದೆ. ಹಗಿ ಅಂತಲೇ ಇನ್ನೊಂದು ಸ್ಟೇಷನ್ ಇದೆ, ಗೊಂದಲ ಮಾಡ್ಕೋಬೇಡಿ. ಮೊದಲು ಹೊಳೆಯ ಈ ಕಡೆ ಇರುವ ಶೋಯಿನ್ ದೇವಸ್ಥಾನ ನೋಡಿ. ಅದರ ಅಂಗಳದಲ್ಲೇ ಯೋಶಿದಾ ಶೋಯಿನ್ ಪಾಠ ಹೇಳಿದ ಪುಟ್ಟ ಮನೆ ಇದೆ, ಶೋಕಾ ಸೊನ್‌ಜುಕು ಅಂತ. ನಿಮ್ಮ ಅಮ್ಮ ಟೀಚರ್ ಅಲ್ವಾ, ಅವರು ಇದನ್ನು ನೋಡಲೇಬೇಕು. ಮೊದಲು ಇದ್ದದ್ದು ಎಂಟು ಚಾಪೆಯಷ್ಟು ಜಾಗ, ಹುಡುಗರು ಜಾಸ್ತಿಯಾದ ಮೇಲೆ ಇನ್ನಷ್ಟು ಜಾಗ ಸೇರಿಸಿದರು. ಅಲ್ಲಿ ಕಲಿತ ಇತೋ ಹಿರೊಬುಮಿ 1885ರಲ್ಲಿ ಜಪಾನಿನ ಮೊದಲ ಪ್ರಧಾನಿ ಆದರು. ಗುರುವಿಗೆ ಮಾತ್ರ ಅದನ್ನು ನೋಡುವ ಭಾಗ್ಯ ಇರಲಿಲ್ಲ. 1859ರಲ್ಲೇ ಸರ್ಕಾರ ಅವರಿಗೆ ಮರಣದಂಡನೆ ಕೊಟ್ಟಿತ್ತು, ಮೂವತ್ತೂ ತುಂಬಿರಲಿಲ್ಲ.

ಆಮೇಲೆ ಹೊಳೆ ದಾಟಿ ಹಳೇ ಪೇಟೆಗೆ ಬನ್ನಿ, ಅಲ್ಲಿಂದ ಹೊರಿಉಚಿಗೆ, ಅಂದರೆ ಕೋಟೆ ಪಕ್ಕದ ಹಳೇ ಸಮುರಾಯ್ ಬಡಾವಣೆಗೆ. ನಿಮ್ಮ ದಿನದಲ್ಲಿ ಅರ್ಧ ಭಾಗ ಇಲ್ಲಿಗೇ ಇಡಿ ಅನ್ನೋದು ನನ್ನ ಮಾತು. 1600ರ ಸೆಕಿಗಾಹಾರಾ ಯುದ್ಧದಲ್ಲಿ ಸೋತ ಕಡೆಯಲ್ಲಿದ್ದ ಮೋರಿ ಮನೆತನಕ್ಕೆ ಹಿರೋಶಿಮಾ ಕೈ ತಪ್ಪಿತು. 1604ರಲ್ಲಿ ಅವರು ಇಲ್ಲಿ, ಶಿಜುಕಿ ಗುಡ್ಡದ ಬುಡದಲ್ಲಿ, ಕೋಟೆ ಕಟ್ಟೋಕೆ ಶುರು ಮಾಡಿದರು. (ನೀವು ಬರೋದೂ ಅದೇ ದಾರಿಯಲ್ಲಿ, ಹಿರೋಶಿಮಾದಿಂದ ಹಗಿಗೆ.) ಕೋಟೆಯನ್ನು 1874ರಲ್ಲಿ ಕೆಡವಿದರು, ಈಗ ಕಲ್ಲಿನ ಬುಡ ಮತ್ತು ಕಂದಕ ಇದೆ. ಬೀದಿಗಳು ಮಾತ್ರ ಹಾಗೇ ಉಳಿದಿವೆ. ಆ ಕಾಲದ ನಕ್ಷೆ ಹಿಡಿದು ಇವತ್ತೂ ಓಡಾಡಬಹುದು ಅಂತ ಊರಿನವರು ಹೇಳುತ್ತಾರೆ. ನಾನು ಮೊಬೈಲ್ ಒಳಗಿಟ್ಟು ಹಾಗೇ ಓಡಾಡಿದೆ.

ಅಲ್ಲಿನ ಮಣ್ಣಿನ ಗೋಡೆಗಳನ್ನು ಹತ್ತಿರ ಹೋಗಿ ನೋಡಿ. ಒಂದು ಪದರ ಮಣ್ಣು, ಒಂದು ಸಾಲು ಹೆಂಚು, ಮತ್ತೆ ಮಣ್ಣು, ಮತ್ತೆ ಹೆಂಚು. ಮಣ್ಣು ಸವೆದ ಕಡೆ ಹೆಂಚಿನ ಅಂಚು ಬೆರಳಿಗೆ ಸಿಗುತ್ತದೆ. ಗೋಡೆ ಮೇಲಿಂದ ನಾತ್ಸುಮಿಕಾನ್ ಕೊಂಬೆ ಬಾಗಿರುತ್ತದೆ. ಕಿತ್ತಳೆಗಿಂತ ದೊಡ್ಡದು, ನಮ್ಮ ಹೇರಳೆಕಾಯಿ ನೆನಪಾಗುವಂಥ ಹುಳಿ-ಕಹಿ ಹಣ್ಣು. ಹೊಸ ಸರ್ಕಾರ ಬಂದಾಗ ಇಲ್ಲಿನ ಸಮುರಾಯ್‌ಗಳಿಗೆ ಸಂಬಳ ನಿಂತುಹೋಯಿತು. ಆಗ ಹೊಟ್ಟೆಪಾಡಿಗೆ ಹಿತ್ತಲಲ್ಲಿ ನೆಟ್ಟ ಗಿಡ ಇದು. ಮೇ ತಿಂಗಳಲ್ಲಿ ನಾನು ಹೋದಾಗ ದಪ್ಪ ಬಿಳಿ ಎಸಳು ಗೋಡೆ ಉದ್ದಕ್ಕೂ ಬಿದ್ದಿದ್ದವು. ಇಡೀ ಬೀದಿ ಘಮ ಅನ್ನುತ್ತಿತ್ತು. ಅಕ್ಟೋಬರಿನಲ್ಲಿ ಕಾಯಿ ಇನ್ನೂ ಹಸಿರು.

ಕಾಗಿಮಗಾರಿ ಅಂತ ಕೊಕ್ಕೆ ಥರ ತಿರುಗುವ ಓಣಿಗಳಿವೆ. ಒಳಗೆ ಬಂದ ಶತ್ರುವಿಗೆ ಮುಂದೇನಿದೆ ಅಂತ ಕಾಣಬಾರದು ಅಂತಲೇ ಕಟ್ಟಿದ್ದು. ಎದುರಿಂದ ಬರುವವರೂ ಕಾಣಲ್ಲ, ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ.

ಕೊನೆಗೆ ಕಿಕುಗಾಹಾಮಾ ಬೀಚ್. ಎಡಕ್ಕೆ ಶಿಜುಕಿ ಗುಡ್ಡ, ದೂರದಲ್ಲಿ ತಲೆ ಸಪಾಟಾದ ದ್ವೀಪಗಳು. ಅಲ್ಲೊಂದು ಮಣ್ಣಿನ ಏರಿ ಇದೆ, ಜನ ಸುಮ್ನೆ ದಾಟಿ ಹೋಗುತ್ತಾರೆ. 1863ರಲ್ಲಿ ಮೋರಿ ಸಂಸ್ಥಾನ ಶಿಮೊನೊಸೆಕಿಯಲ್ಲಿ ವಿದೇಶಿ ಹಡಗುಗಳ ಮೇಲೆ ಗುಂಡು ಹಾರಿಸಿತು. ವಿದೇಶಿಯರು ತಿರುಗಿ ಬರುತ್ತಾರೆ ಅನ್ನೋ ಭಯಕ್ಕೆ ಊರಿನ ಹೆಂಗಸರೂ ಸೇರಿ ಮಣ್ಣು ಹೊತ್ತು ಕಟ್ಟಿದ ಏರಿ ಅದು. ಹೆಂಗಸರ ಕೋಟೆ ಅಂತಲೇ ಹೆಸರು. ಅಮ್ಮನಿಗೆ ತೋರಿಸಿ.

ಒಂದೇ ದಿನಕ್ಕೆ ಆಗುತ್ತಾ ಅಂದ್ರೆ ಆಗುತ್ತದೆ, ಆದರೆ ಮಾಡಬೇಡಿ. ಶಿನ್-ಯಾಮಾಗುಚಿವರೆಗೆ ಶಿಂಕಾನ್‌ಸೆನ್ (ಎಲ್ಲಾ ರೈಲೂ ಅಲ್ಲಿ ನಿಲ್ಲಲ್ಲ, ನೋಡಿ ಹತ್ತಿ), ಅಲ್ಲಿಂದ ಬಸ್ಸಿಗೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಶುಕ್ರವಾರ ರಾತ್ರಿಯೇ ಹೋಗಿ ಮಲಗಿ. ಶನಿವಾರ ಪೂರ್ತಿ ನಿಮ್ಮದು.

ಯಾಮಾಗುಚಿಯಲ್ಲಿ ಒಂಬತ್ತು ವರ್ಷದಿಂದ ಇರುವ ಒಬ್ಬರು

ಊಟದ ವಿಷಯ ನಾನು ಹೇಳುತ್ತೇನೆ, ನಮ್ಮತ್ತೆ ಬಂದಾಗ ಅನುಭವಿಸಿದ್ದೇನೆ. ಹಗಿ ಮೀನಿನ ಊರು. ತರಕಾರಿ ಅಂತ ತಂದಿಟ್ಟ ತಟ್ಟೆಯಲ್ಲೂ ದಾಶಿ ಇರುತ್ತದೆ, ಅಂದರೆ ಒಣಮೀನಿನ ಸಾರು. ಉದೋನ್, ಸೋಬಾ ಅನ್ನೋ ನೂಡಲ್ಸ್, ಮಿಸೋ ಸೂಪು, ಯಾವುದನ್ನೂ ನಂಬಬೇಡಿ. "ಮೀನು ಬೇಡ" ಅಂದರೆ ಸಾಲಲ್ಲ, "ದಾಶಿಯೂ ಬೇಡ" ಅಂತ ಬಿಡಿಸಿ ಹೇಳಿ. ಅದಕ್ಕಿಂತ ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗೋದೇ ವಾಸಿ. ಕಸದ ಡಬ್ಬಿ ಎಲ್ಲೂ ಸಿಗಲ್ಲ, ಒಂದು ಖಾಲಿ ಕವರ್ ಇಟ್ಟುಕೊಳ್ಳಿ.

ಆದರೆ ಒಂದು ಸಿಹಿ ತಿನ್ನಿಸಲೇಬೇಕು. ನಾತ್ಸುಮಿಕಾನ್ ಹಣ್ಣನ್ನು ಇಡಿಯಾಗಿ ಒಳಗೆ ಕೊರೆದು, ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ, ಒಳಗೆ ಬಿಳಿ ಯೋಕಾನ್ ತುಂಬಿರುತ್ತಾರೆ. ಯೋಕಾನ್ ಅಂದರೆ ಬೀನ್ಸ್ ಕಾಳಿನ ಮೆತ್ತನೆ ಹಲ್ವ, ಗಟ್ಟಿಯಾಗೋಕೆ ಹಾಕೋದು ಸಮುದ್ರದ ಪಾಚಿಯಿಂದ ತೆಗೆದ ಅಗರ್. ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತಿನ್ನಬೇಕು. ನಮ್ಮತ್ತೆ ಸಿಪ್ಪೆಯ ಕಹಿಯನ್ನೇ ಜಾಸ್ತಿ ಹೊಗಳಿದರು.

ದಿನಾ ಸೈಕಲ್‌ನಲ್ಲೇ ಆಫೀಸಿಗೆ ಹೋಗುವವರೊಬ್ಬರು, ಒಸಾಕಾ

ಮಾಮಾಚಾರಿ ತೆಗೆದುಕೊಳ್ಳಿ. ಮುಂದೆ ಬುಟ್ಟಿ ಇರುವ, ಬಗ್ಗದೆ ನೆಟ್ಟಗೆ ಕೂತು ತುಳಿಯುವ ಸೈಕಲ್. ಚೈನಿಗೆ ಪೂರ್ತಿ ಕವರ್ ಇರುತ್ತದೆ. ಆದರೂ ಅಮ್ಮ ಚೂಡಿದಾರ್ ಹಾಕಿದರೆ ದುಪ್ಪಟ್ಟಾ ಬ್ಯಾಗಿಗೆ ಹಾಕಿಸಿ, ಹಿಂದಿನ ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ಕಣ್ಣಾರೆ ನೋಡಿದ್ದೇನೆ. ಅಂಗಡಿಯಿಂದ ಹೊರಡುವ ಮುಂಚೆ ಸೀಟಿನ ಎತ್ತರ ಸರಿ ಮಾಡಿಸಿ, ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಬೇಕು. ಎರಡೂ ಬ್ರೇಕ್ ಹಿಡಿದು ನೋಡಿ.

ನಮ್ಮ ಹಾಗೇ ಇಲ್ಲೂ ಎಡಕ್ಕೇ ಹೋಗಬೇಕು. ಪಕ್ಕಪಕ್ಕ ಮಾತಾಡಿಕೊಂಡು ತುಳಿಯುವಂತಿಲ್ಲ, ಕೊಡೆ ಹಿಡಿಯುವಂತಿಲ್ಲ. ಸೈಕಲ್ ಬರಬಹುದು ಅಂತ ಬೋರ್ಡ್ ಇದ್ದರೆ ಮಾತ್ರ ಫುಟ್‌ಪಾತ್. 70 ತುಂಬಿದವರು ಬೋರ್ಡ್ ಇಲ್ಲದಿದ್ದರೂ ಫುಟ್‌ಪಾತ್ ಮೇಲೆ ಹೋಗಬಹುದು, ಅಮ್ಮನಿಗೆ ಇನ್ನೂ ಆ ರಿಯಾಯಿತಿ ಇಲ್ಲ. ತಲೆಕೆಳಗಾದ ಕೆಂಪು ತ್ರಿಕೋನ ಕಂಡರೆ ಕಾಲು ಊರಿ ಪೂರ್ತಿ ನಿಲ್ಲಿ. 2026ರ ಏಪ್ರಿಲ್‌ನಿಂದ 16 ತುಂಬಿದ ಸೈಕಲ್ ಸವಾರರಿಗೂ ದಂಡದ ಚೀಟಿ ಕೊಡುತ್ತಾರೆ. ಮೊಬೈಲ್ ಕೈಯಲ್ಲಿ ಹಿಡಿದು ತುಳಿದರೆ 12,000 ಯೆನ್. ಇನ್ನೊಂದು: ಜನರ ಹಿಂದೆ ನಿಂತು ಬೆಲ್ ಹೊಡೆಯಬೇಡಿ. ನಮ್ಮೂರಲ್ಲಿ ಅದು ಸಹಜ, ಇಲ್ಲಿ ಬೈದ ಹಾಗೆ ಕೇಳಿಸುತ್ತದೆ.

ಇನ್ನೊಬ್ಬರು

ಕಾಸಾಯಾಮಾ ಯಾರೂ ಹೇಳಲೇ ಇಲ್ಲವಲ್ಲ! 112 ಮೀಟರಿನ ಪುಟಾಣಿ ಜ್ವಾಲಾಮುಖಿ, ಮೇಲೆ ಬಾಯಿಯೂ ಇದೆ. ಬುಡದಲ್ಲಿ ಮ್ಯೋಜಿನ್ ಕೊಳ. ಲಾವಾ ಕಲ್ಲಿನ ಸಂದಿಯಿಂದ ಸಮುದ್ರದ ನೀರು ಒಳಗೆ ಬರುತ್ತದೆ, ಹಾಗಾಗಿ ಕೊಳದಲ್ಲಿ ಈಜೋದು ಸಮುದ್ರದ ಮೀನುಗಳೇ. ಹೋಗುವ ದಾರಿಯಲ್ಲೇ 1856ರ ಕಬ್ಬಿಣ ಕರಗಿಸುವ ಕುಲುಮೆಯ ಚಿಮಣಿ, 2015ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಬ್ಯಾಟರಿ ಸೈಕಲ್ ಸಿಕ್ಕರೆ ಏರು ಗೊತ್ತೇ ಆಗಲ್ಲ. ಹಗಿಗೆ ಹೋಗಿ ಇದನ್ನು ಬಿಟ್ಟು ಬಂದರೆ ನನಗಂತೂ ಹೊಟ್ಟೆ ಉರಿಯುತ್ತದೆ.

ಫುಕುಓಕಾದವರು ಮತ್ತೆ

ಜಾಗ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಲಾರಿ ಓಡಾಡುತ್ತವೆ, ನನಗೇ ಭಯ ಆಗಿತ್ತು. ಅಮ್ಮನ ಜೊತೆ ಬೇಡ ಅನ್ನೋದೇ ನನ್ನ ಅಭಿಪ್ರಾಯ. ಬೇಕಿದ್ದರೆ ಭಾನುವಾರ ಬಸ್ಸಲ್ಲಿ ಹೋಗಿ.

ಹಗಿಯ ಮಣ್ಣಿನ ಪಾತ್ರೆ ಬಗ್ಗೆ ಹೇಳೋದು ಮರೆತಿದ್ದೆ. ಕೊರಿಯಾದಿಂದ ಕರೆತಂದ ಕುಂಬಾರರು ಶುರು ಮಾಡಿದ ಕೆಲಸ, ನಾನೂರು ವರ್ಷ ಆಯಿತು. ಮೆತ್ತನೆ ಮಣ್ಣು, ಮೇಲೆ ಕೂದಲೆಳೆಯಂಥ ಬಿರುಕು. ಟೀ ಆ ಬಿರುಕಿಗೆ ಇಳಿದು ಇಳಿದು ಬಟ್ಟಲಿನ ಬಣ್ಣವೇ ಬದಲಾಗುತ್ತದೆ. ನಾನು ಆರು ವರ್ಷದ ಹಿಂದೆ ತಂದ ಲೋಟ ತಿಳಿ ಗುಲಾಬಿ ಇತ್ತು, ಈಗ ಒಳಗೆಲ್ಲ ಬೆಲ್ಲದ ಬಣ್ಣ. ಸೈಕಲ್ ವಾಪಸ್ ಕೊಡುವ ಮುಂಚೆ, ಕಟ್ಟಕಡೆಗೆ ಕೊಳ್ಳಿ. ಬುಟ್ಟಿಯಲ್ಲಿ ಕುಲುಕಾಡಿದರೆ ಒಡೆಯುತ್ತದೆ.

ಕೇಳಿದವಳು, ಹೋಗಿಬಂದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶುಕ್ರವಾರ ರಾತ್ರಿ ಹೋಗಿ ಮಲಗಿದ್ದೇ ಒಳ್ಳೆಯದಾಯಿತು. ಬೆಳಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತಿದೆವು. ಕಾಸಾಯಾಮಾ ಬಿಟ್ಟೆವು, ಬೇಜಾರಿಲ್ಲ.

ಶೋಯಿನ್ ಪಾಠಶಾಲೆ ಮುಂದೆ ಅಮ್ಮ ಅರ್ಧ ಗಂಟೆ ನಿಂತರು. ಹೊರಗಿನಿಂದಲೇ ಚಾಪೆ ಎಣಿಸಿದರು. "ನಮ್ಮ ಸ್ಕೂಲಲ್ಲಿ ಮೊದಲನೇ ವರ್ಷ ಇಷ್ಟೇ ಜಾಗ ಇತ್ತು, 43 ಮಕ್ಕಳು" ಅಂದರು. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಹೊರಿಉಚಿಯಲ್ಲಿ ಅಮ್ಮ ಮುಂದೆ, ನಾನು ಹಿಂದೆ. ಒಂದೊಂದು ತಿರುವಿನಲ್ಲೂ ಇಳಿದು, ತಳ್ಳಿಕೊಂಡು ಹೋಗಿ, ಆ ಕಡೆ ನನಗಾಗಿ ಕಾಯುತ್ತಿದ್ದರು. ಒಂದು ಗಂಟೆಯಲ್ಲಿ ನಮಗೆ ಸಿಕ್ಕವರು ನಾಲ್ಕೇ ಜನ.

ಪುಳಿಯೋಗರೆ ತಿಂದದ್ದು ಕಿಕುಗಾಹಾಮಾದಲ್ಲಿ. ಏರಿಯ ಕಥೆ ಹೇಳಿದೆ. ಅಮ್ಮ ಊಟ ಮುಗಿಸಿ ಎದ್ದು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬಂದರು. ಏನೂ ಹೇಳಲಿಲ್ಲ, ಬಾಟಲಿ ಎತ್ತಿ ನೀರು ಕುಡಿದರು. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಜೋರಾಯಿತು, ಮುಂದೆ ಹೋಗುವವರು ಒಂದು ತೆಳು ಜಾಕೆಟ್ ಇಟ್ಟುಕೊಳ್ಳಿ.

ಲೋಟ ಒಂದೇ ತಂದೆವು, ಅಮ್ಮನ ಕಾಫಿಗೆ. ಟೀ ಬದಲು ಕಾಫಿ ಇಳಿದರೆ ಯಾವ ಬಣ್ಣ ಬರುತ್ತದೋ ನೋಡೋಣ ಅಂತಾರೆ. ಈಗ ಹೊಸ ಪ್ರಶ್ನೆ ಹುಟ್ಟಿದೆ. ಹೂವಿನ ಹೊತ್ತಿಗೆ ಮತ್ತೆ ಬರಬೇಕಂತೆ, ಟಿಕೆಟ್ ಈಗಲೇ ನೋಡು ಅಂತಿದ್ದಾರೆ. ಫುಕುಓಕಾದವರೇ, ನೀವು ಹೋಗಿದ್ದು ಮೇ ತಿಂಗಳ ಯಾವ ವಾರ?