ಮರು: ಹಾಟ್‌ಕೀ, ಈವೆಂಟ್, ಮೇಂಟೇನರ್ – ಕನ್ನಡ ಪದ ಬೇಕು, ಇವತ್ತೇ

ಎಲ್ಲರಿಗೂ ನಮಸ್ಕಾರ,

ಬೆಳಿಗ್ಗೆ ಕೇಳಿದ್ದು ಮೂರೇ ಪದ. ಸಂಜೆಯೊಳಗೆ ಪಾರಸಿ, ಸಂಸ್ಕೃತ ಎಲ್ಲ ಬಂದುಹೋದವು, ಪದ ಮಾತ್ರ ಬರಲಿಲ್ಲ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳ ವಿಶೇಷ ಕೀಲಿ, ದೀಪ ಎಲ್ಲ ನೋಡಿಕೊಳ್ಳುವ ಲಿನಕ್ಸ್ ತಂತ್ರಾಂಶ, ಥಿಂಕ್‌ಪ್ಯಾಡ್-ಎಸಿಪಿಐ ಡ್ರೈವರ್‌ನ ಕೈಪಿಡಿಯ ಅನುವಾದ ಇವತ್ತು ರಾತ್ರಿ ಕಳಿಸಬೇಕು.

> ಹಾಟ್‌ಕೀಗೆ ಬಿಸಿಗೀಲಿ ಅನ್ನಿ. ಮುಗಿಯಿತು.

ಮುಗಿಯಲಿಲ್ಲ ಸರ್. ಬ್ಯಾಟರಿ ನಿಜವಾಗಲೂ ಬಿಸಿಯಾದರೆ ಎಚ್ಚರಿಸುವುದೂ ಇದೇ ಡ್ರೈವರ್. 'ಬ್ಯಾಟರಿ ಕಾದಿದೆ' ಅನ್ನೋ ಸಾಲಿನ ಕೆಳಗೆ ಬಿಸಿಗೀಲಿ ಅಂತಿದ್ದರೆ ಜನ ಕೀಲಿ ಮುಟ್ಟಿ ನೋಡುತ್ತಾರೆ.

> ಅರಿಸಮಾಸ. ಕೀಲಿ ಸಂಸ್ಕೃತದ 'ಕೀಲ'. ಬಿಸಿ ಜೊತೆ ಸೇರದು.

ಕೀಲಿ ತದ್ಭವ, ಅರಿಸಮಾಸದ ಮಾತೇ ಏಳುವುದಿಲ್ಲ. ಇಷ್ಟು ವರ್ಷ ಕೀಲಿಮಣೆ ಕುಟ್ಟಿದ್ದೀರಿ, ಆಗಿಲ್ಲದ ಮಡಿ ಈಗ್ಯಾಕೆ?

'ಶಾರ್ಟ್‌ಕಟ್ ಅಂದರೆ ಸಾಕಲ್ವಾ' ಅಂದವರಿಗೆ: ಸಾಲದು. ಕಂಟ್ರೋಲ್-ಸಿ ಶಾರ್ಟ್‌ಕಟ್, ಅದು ನೀವು ತೆರೆದ ತಂತ್ರಾಂಶಕ್ಕೆ ಬಿಟ್ಟದ್ದು. ಹಾಟ್‌ಕೀ ಅದಕ್ಕಿಂತ ಕೆಳಗಿನ ವ್ಯವಹಾರ. ಹಳೆಯ ಥಿಂಕ್‌ಪ್ಯಾಡ್‌ನಲ್ಲಿ ಎಫ್‌ಎನ್ (Fn) ಕೀಲಿ ಹಿಡಿದು ಪೇಜ್‌ಅಪ್ ಒತ್ತಿದರೆ ಪರದೆಯ ಮೇಲಂಚಿನ ಪುಟ್ಟ ದೀಪ ಹತ್ತಿ ಕೀಲಿಮಣೆ ಮೇಲೆ ಬೆಳಕು ಬೀಳುತ್ತದೆ, ಲಿನಕ್ಸ್ ಇರಲಿ ಇಲ್ಲದಿರಲಿ. ಫರ್ಮ್‌ವೇರ್ (ಯಂತ್ರದೊಳಗೇ ಕೂತ ತಂತ್ರಾಂಶ) ತಾನೇ ಕೆಲಸ ಮುಗಿಸಿ ಆಮೇಲೆ ಡ್ರೈವರ್‌ಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಎಫ್‌ಎನ್-ಎಫ್4 ಹಾಗಲ್ಲ. ಡ್ರೈವರ್ ಅದನ್ನು ನಿದ್ದೆಯ ಕೀಲಿ ಅಂತ ಮೇಲಕ್ಕೆ ದಾಟಿಸಿದರೇನೇ ಯಂತ್ರ ಮಲಗುವುದು. ಪರದೆಯ ಬೆಳಕಿನದು ಇನ್ನೂ ಫಜೀತಿ: ಫರ್ಮ್‌ವೇರ್ ಆಗಲೇ ಏರಿಸಿರುತ್ತದೆ, ಮೇಲಿನ ತಂತ್ರಾಂಶವೂ ಏರಿಸಿದರೆ ಒಂದು ಸಲ ಒತ್ತಿದ್ದಕ್ಕೆ ಎರಡು ಹಂತ ಜಿಗಿಯುತ್ತದೆ. 'ಎಫ್‌ಎನ್ ಕೀಲಿ' ಅನ್ನೋಣ ಅಂದರೆ ಎಫ್‌ಎನ್ ಇಲ್ಲದೆ ಒತ್ತುವ ವಾಲ್ಯೂಮ್ ಗುಂಡಿಗಳೂ ಇದೇ ಪಟ್ಟಿಯಲ್ಲಿವೆ.

ಈವೆಂಟ್‌ಗೆ 'ಘಟನೆ' ಬೇಡ, ಪೊಲೀಸ್ ವರದಿ ಓದಿದ ಹಾಗಿರುತ್ತದೆ. ಲ್ಯಾಪ್‌ಟಾಪ್ ಕೂರಿಸುವ ಡಾಕ್‌ನಿಂದ ಬಿಡಿಸಿದ್ದು, ಬ್ಯಾಟರಿ ಕಾದದ್ದು, ಇವೆಲ್ಲ ಯಾರೂ ಕೀಲಿ ಒತ್ತದೆ ಆಗುವಂಥವು. 'ಸಂಗತಿ' ಸಾಕು.

> ಮೇಂಟೇನರ್‌ಗೆ ನೀವಂದ ಉಸ್ತುವಾರಿ ಪಾರಸಿ. ನಿರ್ವಾಹಕ ಎನ್ನಿ. ಡ್ರೈವರ್ = ಚಾಲಕ.

ಎರಡನ್ನೂ ಸೇರಿಸಿ ಓದಿ ನೋಡಿ: 'ಚಾಲಕದ ನಿರ್ವಾಹಕ'. ಟಿಕೆಟ್ ಎಲ್ಲಿ ಕೊಡೋಣ? ಮೇಂಟೇನರ್ ಕೆಲಸ ಅಂದರೆ ತನ್ನ ಹತ್ತಿರ ಇಲ್ಲದ ಮಾದರಿಗಳ ದೂರು ಓದುವುದು, ಬೇರೆಯವರು ಕಳಿಸಿದ ಪ್ಯಾಚ್ (ತಿದ್ದುಪಡಿ) ನೋಡಿ ಸೇರಿಸುವುದು, ಮುರಿದರೆ ಬೈಸಿಕೊಳ್ಳುವುದು. ಜಿಲ್ಲಾ ಉಸ್ತುವಾರಿ ಸಚಿವರನ್ನು ಒಪ್ಪಿಕೊಂಡ ಕನ್ನಡಕ್ಕೆ ಡ್ರೈವರ್ ಉಸ್ತುವಾರಿ ಭಾರವೇ? ಪಾರಸಿ ಕಡೆಯಿಂದ ಬಂದದ್ದೆಲ್ಲ ಬೇಡ ಅಂದರೆ ಸರ್ಕಾರಕ್ಕೆ ಅರ್ಜಿ ಬರೆಯುವುದು ಹೇಗೆ, ಜಮೀನಿನ ದಾಖಲೆ ಕೇಳುವುದು ಹೇಗೆ? ಇನ್ನು ಮಿಂಬಲೆ, ಎಣ್ಣುಕ ಅಂತ ಅಚ್ಚಗನ್ನಡ ಪದ ಕಟ್ಟುವವರು ದಯವಿಟ್ಟು ಬೇರೆ ಎಳೆ ಶುರು ಮಾಡಿ.

ಈ ಡ್ರೈವರ್ ಹೆಸರೇ ಮೊದಲು ಐಬಿಎಂ-ಎಸಿಪಿಐ ಅಂತಿತ್ತು. 2007ರಲ್ಲಿ, ಲಿನಕ್ಸ್ ಕರ್ನೆಲ್ 2.6.22ಕ್ಕೆ, ಥಿಂಕ್‌ಪ್ಯಾಡ್-ಎಸಿಪಿಐ ಆಯಿತು. ಪ್ರೊಕ್ (/proc) ಒಳಗಿನ ಅದರ ಕಡತಕೋಶ ಮಾತ್ರ ಇವತ್ತಿಗೂ 'ಐಬಿಎಂ'. ಯಾರೂ ಗೋಳಾಡಿಲ್ಲ.

ಸದ್ಯಕ್ಕೆ ಹೀಗೆ ಹಾಕುತ್ತಿದ್ದೇನೆ: ಹಾಟ್‌ಕೀಲಿ, ಸಂಗತಿ, ಉಸ್ತುವಾರಿ ಹೊತ್ತವರು. ಡ್ರೈವರ್ ಡ್ರೈವರೇ. 'ಹಾಟ್‌ಕೀಲಿ' ಬೆರಕೆ ಅಂತ ಗೊತ್ತು, ಆದರೆ ಪಕ್ಕದಲ್ಲೇ ಕೀಲಿಮಣೆ ಇರುವಾಗ 'ಕೀ' ಒಂಟಿಯಾಗಿ ನಿಲ್ಲುವುದು ನನಗೆ ಸರಿಬರಲಿಲ್ಲ. ಆಕ್ಷೇಪ ಇದ್ದರೆ ಒಂಬತ್ತು ಗಂಟೆಯೊಳಗೆ, ಬದಲಿ ಪದದ ಸಮೇತ ಬರಲಿ. ವ್ಯುತ್ಪತ್ತಿ ನಾಳೆ ನೋಡೋಣ.