ಗಟ್ಟಿಮುಟ್ಟ ಹುಡುಗಗ ಮಿದುಳಿಗೆ ಬಾವು ಅಂತಾರ, ಬೆನ್ನಿನ ನೀರು ತಗ್ಯಾಕ ಸಹಿ ಮಾಡಬೇಕೇನ್ರಿ?

ಮುಧೋಳದಾಂವ:
ನಮಸ್ಕಾರ್ರಿ ಎಲ್ಲಾರಿಗೂ. ಆಸ್ಪತ್ರಿ ಪಾವಟಣಿಗಿ ಮ್ಯಾಲ ಕುಂತು ಬರ್ಯಾಕತ್ತೀನಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ. ನಮ್ಮಕ್ಕನ ಮಗ, ಹದಿನಾರು ತುಂಬೇತಿ, ಪಿಯುಸಿ ಫಸ್ಟ್ ಇಯರ್. ದಿನಾ ನಸಕಿನ್ಯಾಗ ಎದ್ದು ತಾಲೀಮಿಗೆ ಹೋಗಾಂವ, ನೆಗಡಿ ಬಿಟ್ರ ಬ್ಯಾರೆ ಜಡ್ಡು ಕಂಡಾಂವಲ್ಲ. ಮಂಗಳವಾರ ಜ್ವರ ಬಂತು, ತಲಿ ಸಿಡ್ಯಾಕತ್ತೇತಿ ಅಂದ, ಊರಾಗ ತೋರ್ಸಿದ್ವಿ, ಗುಳಿಗಿ ಕೊಟ್ರು. ಬುಧವಾರ ಸಂಜಿಮುಂದ ಅವರವ್ವಗ "ನೀವ್ಯಾರ್ರಿ" ಅಂದ, ಚ್ಯಾಷ್ಟಿ ಮಾಡ್ತಾನ ಅಂತ ಎಲ್ಲಾರೂ ನಕ್ವಿ. ಆಮ್ಯಾಲ ಊಟದ ತಾಟಿನ್ಯಾಗ ಚಪ್ಲಿ ತಂದಿಟ್ಟ. ಆಗ ನಗು ನಿಂತ್ತು. ಆಯಿ ಗಾಳಿ ಸೋಕೇತಿ ಅಂತ ನಿಂಬಿಹಣ್ಣು ಇಳಿಸಿದ್ಲು, ರಾತ್ರಿ ಒಂದೂವರಿಗೆ ಫಿಟ್ಸ್ ಬಂತು, ಗಾಡಿ ಮಾಡ್ಕೊಂಡು ಬಾಗಲಕೋಟಿಗೆ ತಂದೀವಿ.

ಈಗ ಐಸಿಯುದಾಗದಾನ. ಎಂಆರ್‌ಐ ಆತು, ವೈರಲ್ ಎನ್ಸೆಫಲೈಟಿಸ್, ಅಂದ್ರ ವೈರಸ್‌ನಿಂದ ಮಿದುಳಿಗೆ ಬಾವು, ಇರಬೇಕು, ಬೆನ್ನಿನ ನೀರು ತಗೀಬೇಕು, ಸಹಿ ಮಾಡ್ರಿ ಅಂತಾರ. ಆಯಿ ಮಾತ್ರ ಬೆನ್ನಿಗೆ ಸೂಜಿ ಚುಚ್ಚಿದ್ರ ಕಾಲು ಹೋಗ್ತಾವು ಅಂತ ಅಳಾಕತ್ಯಾಳ. ಯಾರ ಮನ್ಯಾಗರ ಹಿಂಗಾಗಿತ್ತೇನ್ರಿ? ಇಷ್ಟ್ ಗಟ್ಟಿ ಹುಡುಗಗ ಇದು ಬಂದದ್ದರ ಹೆಂಗ? ಮನ್ಯಾಗ ಸಣ್ಣ ತಂಗಿನೂ ಅದಾಳ.

ಗುಮ್ಮಟದೂರಾಕಿ:
ತಮ್ಮಾ, ಮೊದಲ ಹೋಗಿ ಸಹಿ ಮಾಡಿ ಬಾ, ಉಳದದ್ದು ಆಮ್ಯಾಲ ಓದು.

ನನ್ನ ಮಗಳಿಗೂ ಇದ ಆಗಿತ್ತು, ಆಗ ಹದಿನೈದು ಆಕಿಗೆ, ಎಸ್ಸೆಸ್ಸೆಲ್ಸಿ ಪರೀಕ್ಷಾ ಒಂದ್ ತಿಂಗಳ ಇತ್ತು. ಜ್ವರ, ಜೊತಿಗೆ ಸುಟ್ಟ ಎಣ್ಣಿ ವಾಸನಿ ಬರ್ತೈತಿ ಅನ್ನಾಕಿ, ನಾ ಒಲಿ ಹೊರಸಿ ಹೊರಸಿ ಸಾಕಾದೆ, ಏನೂ ಇರ್ತಿದ್ದಿಲ್ಲ. ಮಾತಾಡ್ತಾ ಮಾತಾಡ್ತಾ ಪೆನ್ನಿಗೆ ಚಮಚಾ ಅನ್ನಾಕಿ. ಮೊದಲ ತೋರಿಸಿದ ಕಡೆ ಪರೀಕ್ಷಾ ಟೆನ್ಶನ್, ಹುಡುಗಿ ನಾಟಕ ಮಾಡ್ತಾಳ ಅಂತ ನಿದ್ದಿ ಗುಳಿಗಿ ಕೊಟ್ಟು ಕಳಿಸಿದ್ರು. ನಾಕ್ ದಿನ ಅಲ್ಲೇ ಹೋದ್ವು. ಆ ನಾಕ್ ದಿನಾ ನೆನಸಿದ್ರ ಈಗೂ ಹೊಟ್ಟ್ಯಾಗ ಕಲಸ್ತೈತಿ. ಆಮ್ಯಾಲ ಹರ್ಪಿಸ್ ಅನ್ನೋ ವೈರಸ್ ಅಂತ ಗೊತ್ತಾಗಿ ಅದನ್ನ ತಡ್ಯೋ ಔಷಧ ಅಸೈಕ್ಲೋವಿರ್ ನರಕ್ಕ ಹಾಕಿದ್ರು, ದಿನಕ್ಕ ಮೂರ್ ಸಲದಂಗ 21 ದಿನ.

ಬದಕ್ಯಾಳ, ಕಾಲೇಜಿಗೆ ಹೋಗ್ತಾಳ. ಆದ್ರ ಸುಳ್ಳ ಹೇಳಂಗಿಲ್ಲ ನಾ, ಮುಂಜಾನೆ ತಿಂದದ್ದು ಸಂಜಿಗೆ ನೆನಪಿರಂಗಿಲ್ಲ, ಎಲ್ಲಾ ಮೊಬೈಲ್‌ನ್ಯಾಗ ಬರಕೋತಾಳ, ಸಿಟ್ಟು ಮೂಗಿನ ತುದಿಗೆ. ಒಂದ್ ವರ್ಷ ಓದು ಬಿಡಿಸಿದ್ವಿ. ನಿಮ್ ಹುಡುಗನ್ನ ಲಗೂನ ಒಯ್ದೀರಿ, ಅದ ದೊಡ್ಡದು.

ಐಸಿಯು ಸಿಸ್ಟರ್, ಬೆಳಗಾವಿ:
ಆಯಿಗೆ ಹಿಂಗ ಹೇಳ್ರಿ: ಬೆನ್ನಹುರಿ ಅನ್ನೋದು ಸೊಂಟದ ಮ್ಯಾಲಿನ ಎಲುಬಿನ ಹಂತಕ್ಕ ಮುಗಿತದ, ಸೂಜಿ ಹಾಕೋದು ಅದಕ್ಕಿಂತ ಕೆಳಗ, ಅಲ್ಲಿ ಬರೇ ನೀರಿನ್ಯಾಗ ತೇಲೋ ನರದ ಎಳಿ ಇರ್ತಾವ, ಸೂಜಿ ಬಂದ್ರ ಸರದು ಹೋಗ್ತಾವ. ಕಾಲು ಹೋದದ್ದು ನನ್ನ ವಾರ್ಡಿನ್ಯಾಗ ಒಂದೂ ನೋಡಿಲ್ಲ. ಕೆಲವರಿಗೆ ಕೆಲವು ದಿನ ತಲಿನೋವು ಬರ್ತದ, ಅದು ಖರೇ. ಮಿದುಳಿನ್ಯಾಗ ಒತ್ತಡ ಭಾಳ ಇದ್ರ ಡಾಕ್ಟರ್ ತಾವಾಗೇ ತಡೀತಾರ, ಅದಕ್ಕ ಮೊದಲ ಸ್ಕ್ಯಾನ್ ಮಾಡೋದು.

ಗಟ್ಟಿ ಹುಡುಗಗ ಹೆಂಗ ಅಂದ್ರಿ. ಜ್ವರ ಬಂದು ಹೋದ್ಮ್ಯಾಲ ತುಟಿ ಅಂಚಿಗೆ ಗುಳ್ಳಿ ಏಳ್ತಾವಲ್ಲ, ಅದ ವೈರಸ್ ಇರಬಹುದು ಇದು, ಹರ್ಪಿಸ್ ಸಿಂಪ್ಲೆಕ್ಸ್. ಸಣ್ಣವರಿದ್ದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಂದಿರ್ತದ, ನರದಾಗ ಸುಮ್ನ ಮಲಗಿರ್ತದ, ಲಕ್ಷಾಂತರ ಮಂದ್ಯಾಗ ಒಬ್ಬಿಬ್ಬರಿಗೆ ಮಿದುಳಿಗೆ ಏರ್ತದ. ತಾಲೀಮು, ಹಾಲು, ಬದಾಮಿ ಇದಕ್ಕ ಅಡ್ಡ ಬರಂಗಿಲ್ಲ. ಕೆಲವು ಮಕ್ಕಳಿಗೆ ಬ್ಯಾರೆ ಎಲ್ಲಾ ರೋಗ ತಡ್ಯೋ ಶಕ್ತಿ ಬರೋಬ್ಬರಿ ಇದ್ದು, ಮಿದುಳಿನ ಕಣಕ್ಕ ಇದೊಂದ ವೈರಸ್ ತಡ್ಯೋ ಜೀನ್ ಅಷ್ಟ ಕೆಟ್ಟಿರ್ತದ, ಟಿಎಲ್‌ಆರ್3 ಅಂತ, 2007ರಾಗ ಗೊತ್ತಾದದ್ದು. ತಂಗಿಗೆ ಮನ್ಯಾಗ ಇದ್ದದ್ದಕ್ಕ ಮಿದುಳು ಬಾವು ಅಂಟಂಗಿಲ್ಲ, ಹೆದರಬ್ಯಾಡ್ರಿ.

ಒಂದ ಕೇಳ್ರಿ ಡಾಕ್ಟರ್‌ಗೆ, ಅಸೈಕ್ಲೋವಿರ್ ಚಾಲೂ ಆಗೇದೋ ಇಲ್ಲೋ ಅಂತ. ಅದು ರಿಪೋರ್ಟ್ ಹಾದಿ ಕಾಯೋ ಔಷಧ ಅಲ್ಲ, ಸಂಶಯ ಬಂದ ತಾಸಿನ್ಯಾಗ ಹಾಕೋದು. ಔಷಧ ಇಲ್ದಾಗ 100ಕ್ಕ 70 ಮಂದಿ ಸಾಯ್ತಿದ್ರು. ಕಿಡ್ನಿಗೆ ತ್ರಾಸ ಆಗಬಾರದಂತ ಸಲೈನ್ ಜೊತಿ ಸಾವಕಾಶ ಬಿಡ್ತಾರ, ಬಾಟ್ಲಿ ಮ್ಯಾಲ ಬಾಟ್ಲಿ ಕಂಡ್ರ ಬಿಲ್ ಏರಸಾಕತ್ತಾರ ಅಂತ ಜಗಳಕ್ಕ ನಿಂದ್ರಬ್ಯಾಡ್ರಿ. ಆಯುಷ್ಮಾನ್ ಕಾರ್ಡ್ ಇದ್ರ ಇವತ್ತ ಡೆಸ್ಕಿಗೆ ತೋರಸ್ರಿ.

ಹೊಲದ ಬದು:
ಬಾಗಲಕೋಟಿ ಜಿಲ್ಲಾದಾಗ 2022ರ ಡಿಸೆಂಬರ್‌ದಾಗ ಸಾಲಿ ಹುಡುಗರಿಗೆಲ್ಲಾ ಮಿದುಳು ಜ್ವರದ ಇಂಜೆಕ್ಷನ್ ಹಾಕಿದ್ರಲ್ರಿ, 15 ವರ್ಷದ ತನಕ. ಹಾಕಿಸಿದ್ರ ಹೆಂಗ ಬಂತು? ಇಲ್ಲಾ ಹಂದಿ ಕಾಟನೋ? ನಮ್ ಓಣ್ಯಾಗಂತೂ ಹಂದಿದ ರಾಜ್ಯ.

ಐಸಿಯು ಸಿಸ್ಟರ್, ಬೆಳಗಾವಿ:
ಅದು ಜಪಾನೀಸ್ ಎನ್ಸೆಫಲೈಟಿಸ್‌ದು ಅಷ್ಟ. ಹಂದಿ, ನೀರಹಕ್ಕಿಯಿಂದ ಕ್ಯೂಲೆಕ್ಸ್ ಸೊಳ್ಳಿ ತರೋದು, ಅದು ಬರದಂಗ ತಡ್ಯೋ ಇಂಜೆಕ್ಷನ್ ಅದ, ಬಂದ್ಮ್ಯಾಲ ವೈರಸ್ ಕೊಲ್ಲೋ ಔಷಧ ಇಲ್ಲ. ಹರ್ಪಿಸ್‌ಗೆ ಉಲ್ಟಾ, ಔಷಧ ಅದ, ಬರದಂಗ ತಡ್ಯೋ ಇಂಜೆಕ್ಷನ್ ಇಲ್ಲ. ಹೆಸರು ಒಂದಾ ಮಿದುಳು ಜ್ವರ, ಒಳಗ ಹತ್ತಾರು ರೋಗ. ಇಂಜೆಕ್ಷನ್ ಹಾಕಿಸಿದ್ರ ಅದನ್ನ ಡಾಕ್ಟರ್‌ಗೆ ಹೇಳ್ರಿ, ಹುಡುಕೋದು ಸರಳ ಆಗ್ತದ. ಡೆಂಗೀ, ಟಿಬಿ, ಹೊಲದ ಹುಳ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಇವೂ ಹಿಂಗ ತಲಿಗೆ ಏರ್ತಾವ. ಮೈಮ್ಯಾಲ ಎಲ್ಲ್ಯರ ಕರಿ ಚಕ್ಕಿ ಕಟ್ಟಿದ ಕಲಿ ಅದೇನು ನೋಡ್ರಿ, ಬಗಲಾಗ, ತೊಡಿ ಸಂದ್ಯಾಗ.

ಮುಧೋಳದಾಂವ:
ಎಲ್ಲಾರಿಗೂ ಉಪಕಾರ ಆತ್ರಿ. ಅವತ್ತ ಸಹಿ ಮಾಡಿದೆ, ಕಾಲು ಎರಡೂ ಗಟ್ಟಿ ಅದಾವು. ಔಷಧ ನಾವು ಬಂದ ರಾತ್ರಿನ ಚಾಲೂ ಮಾಡಿದ್ರಂತ. ಆದ್ರ ಇವತ್ತ ಬೆನ್ನಿನ ನೀರಿನ್ಯಾಗ ಹರ್ಪಿಸ್ ಹುಡುಕೋ ಪಿಸಿಆರ್ ರಿಪೋರ್ಟ್ ನೆಗೆಟಿವ್ ಬಂದೇತಿ. ನಮ್ಮ ಮಾವ ಮತ್ಯಾಕ ಈ ತುಟ್ಟಿ ಔಷಧ, ಬಂದ್ ಮಾಡ್ಸು ಅಂತ ಗಂಟಬಿದ್ದಾನ.

ಐಸಿಯು ಸಿಸ್ಟರ್, ಬೆಳಗಾವಿ:
ಬ್ಯಾಡ! ಜ್ವರ ಮಂಗಳವಾರ, ನೀರು ತಗದದ್ದು ಗುರುವಾರ. ಮೊದಲ ಮೂರು ದಿನದಾಗ ಹರ್ಪಿಸ್ ಇದ್ರೂ ರಿಪೋರ್ಟಿನ್ಯಾಗ ಸಿಗದ ಹೋಗ್ತದ. ಎಂಆರ್‌ಐದಾಗ ಕಿವಿ ಮ್ಯಾಲಿನ ಭಾಗಕ್ಕ, ಟೆಂಪೊರಲ್ ಅಂತಾರ, ಬಾವು ಬರದಾರೇನು?

ಮುಧೋಳದಾಂವ:
ಹೂಂ ರಿ, ಎಡಗಡಿ ಟೆಂಪೊರಲ್ ಅಂತ ಬರದಾರ.

ಐಸಿಯು ಸಿಸ್ಟರ್, ಬೆಳಗಾವಿ:
ಹಂಗಾರ ಮಾವನ್ನ ನ್ಯೂರಾಲಜಿ ಡಾಕ್ಟರ್ ಮುಂದ ಕುಂದರಸ್ರಿ, ಅವರ ಹೇಳಲಿ.

ಗುಮ್ಮಟದೂರಾಕಿ:
ಇನ್ನೊಂದ್ ಮಾತು ತಮ್ಮಾ. ಮನಿಗೆ ಬಂದ್ಮ್ಯಾಲ ಒಂದ್ ತಿಂಗಳ ಬಿಟ್ಟು ನನ್ನ ಮಗಳು ಮತ್ತ ಹುಚ್ಚುಚ್ಚಾರ ಮಾಡಿದ್ಲು, ನಿದ್ದಿಲ್ಲ, ಬಾಯಿ ಸುಮ್ನ ಆಡಸಾಕಿ. ವೈರಸ್ ಹೊಳ್ಳಿ ಬಂತು ಅಂತ ನಾ ಎದಿ ಬಡಕೊಂಡೆ. ಅಲ್ಲ ಅದು, ಮೈಯಾಗಿನ ರಕ್ಷಣಾನ ತಿರುಗಿ ಮಿದುಳಿಗೆ ಹೊಡದಿತ್ತು, ಎನ್‌ಎಮ್‌ಡಿಎ ಅಂತ ಟೆಸ್ಟ್ ಮಾಡ್ಸಿ ಸ್ಟೀರಾಯ್ಡ್ ಕೊಟ್ರು. ಹಂಗೇನರ ಕಂಡ್ರ ನಿಂಬಿಹಣ್ಣು ಹುಡುಕಬ್ಯಾಡ, ಸೀದಾ ಡಾಕ್ಟರ್ ಹಂತ್ಯಾಕ ಹೋಗು.

ಮುಧೋಳದಾಂವ:
ಮಾವ ಡಾಕ್ಟರ್ ಮುಂದ ಕುಂತು ಬಂದ, ಈಗ ಗಪ್ ಆಗ್ಯಾನ. ಔಷಧ ನಡಸ್ತಾರ, ಸೋಮವಾರ ಮತ್ತೊಮ್ಮೆ ನೀರು ತಗೀತಾರಂತ. ಹುಡುಗ ಇವತ್ತ ಕಣ್ಣು ಬಿಟ್ಟು ನನ್ನ ನೋಡಿ "ಮಾಸ್ತರ್ರ" ಅಂದ, ನಾ ಮಾಸ್ತರ್ ಅಲ್ಲ, ಆದ್ರೂ ಹೂಂ ಅಂದೆ. ಆಯಿಗೆ ಸೋಮವಾರದ್ದು ಹೇಳಿಲ್ಲ.